‘ನಮಗೆ ತಿಳಿಸಿರಲಿಲ್ಲ’ ಎಂದರೆ ಸಾಕೇ?

ಸಂಸ್ಥೆಯೊಂದು ಮುಗ್ಗರಿಸಿದಾಗ ಅದರ ಆಡಳಿತ ಮಂಡಳಿಯ ಸದಸ್ಯರಿಂದ ನಾವು ಸಾಮಾನ್ಯವಾಗಿ ಕೇಳುವ ಮಾತೊಂದಿದೆ: ‘ನಮಗೆ ತಿಳಿಸಿರಲಿಲ್ಲ.’ ಹಲವು ಸಲ ಅದು ಸುಳ್ಳೂ ಅಲ್ಲ. ಗುಮಾಸ್ತರು ಹೇಳಿರುವುದಿಲ್ಲ, ಮ್ಯಾನೇಜರ್ ಬರೆದಿರುವುದಿಲ್ಲ, ಕಡತ ಸಭೆಗೆ ಬಂದಿರುವುದಿಲ್ಲ. ಆದರೆ ತಿಳಿಸಿರಲಿಲ್ಲ ಎಂಬುದು ನಿಜವಾದ ಮಾತ್ರಕ್ಕೆ ಹೊಣೆ ಹೆಗಲಿನಿಂದ ಇಳಿಯುತ್ತದೆಯೇ? ತಿಳಿಯಬೇಕಾದವರು ಏನನ್ನು ಕೇಳಿದ್ದರು?

ಬೆಂಗಳೂರಿನ ದಂಡು ಪ್ರದೇಶದ ಮಟ್ಟಿಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಶಿವಾಜಿನಗರದಿಂದ ಹಲಸೂರಿನವರೆಗೆ ನಡೆದು ಹೋದರೆ ಮಸೀದಿ, ದರ್ಗಾ, ದೇವಸ್ಥಾನ, ಚರ್ಚು, ಗುರುದ್ವಾರ, ಶಾಲೆ, ಸಹಕಾರ ಸಂಘಗಳು ಒಂದಾದ ಮೇಲೊಂದು ಸಿಗುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ನಡೆಸುವುದು ಸಮಿತಿಗಳೇ. ಸದಸ್ಯರು ತಮ್ಮ ಅಂಗಡಿ, ನೌಕರಿಗಳ ನಡುವೆ ಬಿಡುವು ಮಾಡಿಕೊಂಡು ತಿಂಗಳಿಗೊಮ್ಮೆ ಬಂದು ಕೂರುವವರು. ದಿನನಿತ್ಯದ ಕೆಲಸ ಸಂಬಳದ ಸಿಬ್ಬಂದಿಯದು. ಹೀಗಾಗಿ ಸಮಿತಿಯು ತನ್ನ ಸಂಸ್ಥೆಯನ್ನು ನೋಡುವುದೇ ಸಿಬ್ಬಂದಿಯ ವರದಿಯ ಮೂಲಕ.

ಅಮಾನತ್ತು ಎಂದರೆ ನಂಬಿ ಒಪ್ಪಿಸಿದ್ದು. ಅದೇ ಹೆಸರನ್ನು ಹೊತ್ತ ಬೆಂಗಳೂರಿನ ಅಮಾನತ್ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ 2013ರಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಠೇವಣಿದಾರರು ತಮ್ಮ ಹಣವನ್ನೇ ಬೇಕೆಂದಾಗ ಪಡೆಯಲಾಗದ ಸ್ಥಿತಿ ಬಂತು. ಅಲ್ಲಿ ಯಾರ ತಪ್ಪು ಎಷ್ಟು ಎಂಬುದು ಇಲ್ಲಿನ ಚರ್ಚೆಯಲ್ಲ. ನಾವು ಗಮನಿಸಬೇಕಾದುದು ಇಷ್ಟು: ಮಗಳ ಮದುವೆಗೆಂದು ಬ್ಯಾಂಕಿನಲ್ಲಿ ಹಣವಿಡುವ ದರ್ಜಿಗೆ ಲೆಕ್ಕಪತ್ರ ಓದಲು ಬರುವುದಿಲ್ಲ. ತನ್ನ ಪರವಾಗಿ ನಿರ್ದೇಶಕರು ಓದುತ್ತಾರೆಂಬ ನಂಬಿಕೆಯಿಂದಲೇ ಅವನು ಹಣ ಇಡುತ್ತಾನೆ. ಆದ್ದರಿಂದ ಓದುವುದು, ಅರ್ಥವಾಗದಿದ್ದರೆ ಕೇಳುವುದು ನಿರ್ದೇಶಕರ ಇಚ್ಛೆಗೆ ಬಿಟ್ಟದ್ದಲ್ಲ. ಅದು ಅವರು ಅವನಿಗೆ ತೀರಿಸಬೇಕಾದ ಋಣ.

ಓದು ಬಲ್ಲವರು ಇದ್ದರೆ ಸಾಕೆಂದೂ ಅಲ್ಲ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಮಂಡಳಿಯಲ್ಲಿ ಹೆಸರಾಂತ ವಿದ್ವಾಂಸರಿದ್ದರು. ಆದರೂ ಲೆಕ್ಕದಲ್ಲಿ ತೋರಿಸಿದ್ದ 5,000 ಕೋಟಿಗೂ ಹೆಚ್ಚು ರೂಪಾಯಿ ಇರಲೇ ಇಲ್ಲವೆಂದು 2009ರ ಜನವರಿ 7ರಂದು ಅಧ್ಯಕ್ಷರೇ ಪತ್ರ ಬರೆಯಬೇಕಾಯಿತು. ಕಾಗದ ಅಚ್ಚುಕಟ್ಟಾಗಿದ್ದರೆ ಸಾಲದು, ಅದನ್ನು ವಾಸ್ತವದೊಂದಿಗೆ ತಾಳೆ ನೋಡಬೇಕು.

ಹಾಗಾದರೆ ಹೇಗೆ ಕೇಳಬೇಕು? ‘ಎಲ್ಲಾ ಸರಿಯಿದೆಯಾ?’ ಎಂದು ಕೇಳಿದರೆ ‘ಸರಿಯಿದೆ ಸಾರ್’ ಎಂಬ ಉತ್ತರವೇ ಬರುತ್ತದೆ. ‘ಬಾಡಿಗೆ ವಸೂಲಾಗುತ್ತಿದೆ’ ಎಂಬುದು ವರದಿಯಲ್ಲ. ಎಷ್ಟು ಅಂಗಡಿಗಳಿವೆ, ಎಷ್ಟು ಬಾಡಿಗೆ ಬರಬೇಕಿತ್ತು, ಎಷ್ಟು ಬಂತು, ಬಾಕಿ ಯಾರದು, ಎಷ್ಟು ತಿಂಗಳಿನದು, ಕರಾರು ಎಂದು ಮುಗಿಯುತ್ತದೆ, ಕಳೆದ ಸಭೆಯಲ್ಲಿ ಒಪ್ಪಿಕೊಂಡ ಕೆಲಸ ಏನಾಯಿತು ಎಂಬುದು ವರದಿ. ಅದು ಸಭೆಗೆ ಕೆಲವು ದಿನ ಮೊದಲೇ ಸದಸ್ಯರ ಕೈ ಸೇರಬೇಕು. ಸಭೆಯಲ್ಲಿ ಬ್ಯಾಂಕಿನ ಪಾಸ್‌ಬುಕ್ ಮೇಜಿನ ಮೇಲಿರಬೇಕು.

ಇದಕ್ಕೆ ಇನ್ನೊಂದು ಮುಖವೂ ಇದೆ. ಸಮಿತಿಗೆ ಉತ್ಸಾಹ ಬಂದರೆ ಹತ್ತು ಬಗೆಯ ನಮೂನೆಗಳನ್ನು ಒಬ್ಬನೇ ಗುಮಾಸ್ತನ ಮೇಲೆ ಹೇರುವುದುಂಟು. ಯಾರೂ ಓದದ ವರದಿಯನ್ನು ಬರೆಯುವವನು ಹೋದ ತಿಂಗಳಿನದನ್ನೇ ನಕಲು ಮಾಡಲು ಬೇಗ ಕಲಿಯುತ್ತಾನೆ. ಆದ್ದರಿಂದ ಕೇಳುವ ಮೊದಲು ನಮ್ಮನ್ನೇ ನಾವು ಪ್ರಶ್ನಿಸಿಕೊಳ್ಳೋಣ: ಈ ಉತ್ತರ ಬಂದರೆ ನಾವು ಯಾವ ತೀರ್ಮಾನ ಮಾಡುತ್ತೇವೆ? ಯಾವ ತೀರ್ಮಾನಕ್ಕೂ ಬೇಡದ ಪ್ರಶ್ನೆಯನ್ನು ಕೈಬಿಡುವುದು ನೌಕರನಿಗೆ ಸಲ್ಲಬೇಕಾದ ನ್ಯಾಯ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಭಯ. ಬಾಕಿ ಉಳಿಸಿಕೊಂಡವನು ಸದಸ್ಯರೊಬ್ಬರ ಭಾವಮೈದುನನಾಗಿದ್ದರೆ ಗುಮಾಸ್ತ ಏನು ಬರೆಯಬೇಕು? ಈ ವಿಷಯದಲ್ಲಿ 1995ರ ವಕ್ಫ್ ಕಾಯ್ದೆಯಿಂದ ಕಲಿಯುವುದಿದೆ. ಅದರ 46ನೇ ಕಲಮು ಮುತವಲ್ಲಿಯಿಂದ ಪ್ರತಿವರ್ಷ ಪೂರ್ಣವಾದ, ಸತ್ಯವಾದ ಲೆಕ್ಕವನ್ನು ಕೇಳುತ್ತದೆ. 26ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ವಕ್ಫ್ ಮಂಡಳಿಯ ಠರಾವಿನಿಂದ ವಕ್ಫಿಗೆ ನಷ್ಟವಾಗುತ್ತದೆಂದು ಕಂಡರೆ, ಜಾರಿಗೆ ತರುವ ಮುನ್ನ ಅದನ್ನು ಮರುಪರಿಶೀಲನೆಗೆ ಇಡಲು ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಅದು ಅವಕಾಶ ಕೊಡುತ್ತದೆ. ಅಂದರೆ ತನ್ನ ಮಂಡಳಿಗೆ ‘ಇದು ಸರಿಯಲ್ಲ’ ಎಂದು ಹೇಳುವುದು ಉದ್ಧಟತನವಲ್ಲ, ಕೆಲಸದ ಭಾಗ. ಅಧಿಕಾರಿಗೆ ಕಾಯ್ದೆ ಕೊಟ್ಟ ಆ ಅವಕಾಶವನ್ನು ಮೊಹಲ್ಲಾದ ಸಣ್ಣ ಸಮಿತಿ ತನ್ನ ಗುಮಾಸ್ತನಿಗೆ ತಾನಾಗಿಯೇ ಕೊಡಬೇಕು.

ಲೆಕ್ಕ ಕೇಳಿದರೆ ಅನುಮಾನಪಟ್ಟಂತೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ವಾಸ್ತವದಲ್ಲಿ ಪ್ರತಿ ತಿಂಗಳೂ, ಎಲ್ಲರಿಂದಲೂ, ಒಂದೇ ರೀತಿಯಲ್ಲಿ ಕೇಳಿದರೆ ಯಾರಿಗೂ ಅವಮಾನವಿಲ್ಲ. ಪ್ರಾಮಾಣಿಕ ನೌಕರನಿಗೆ ಅದೇ ದೊಡ್ಡ ರಕ್ಷಣೆ. ಮುಂದಿನ ಸಭೆಯ ವರದಿಯಲ್ಲಿ ‘ಸಮಿತಿಗೆ ಇಷ್ಟವಾಗದಿದ್ದರೂ ಹೇಳಲೇಬೇಕಾದ ವಿಷಯ’ ಎಂಬ ಒಂದು ಕಲಮಿಗೆ ಜಾಗವಿಡೋಣ. ಅದನ್ನು ತುಂಬಿದವನನ್ನು ಗದರದೆ, ಆ ಮಾತನ್ನು ಇದ್ದಂತೆಯೇ ನಡಾವಳಿ ಪುಸ್ತಕದಲ್ಲಿ ದಾಖಲಿಸೋಣ. ಆಮೇಲೂ ಏನಾದರೂ ನಮ್ಮಿಂದ ಮುಚ್ಚಿಟ್ಟರೆ ಮಾತ್ರ ‘ನಮಗೆ ತಿಳಿಸಿರಲಿಲ್ಲ’ ಎನ್ನಲು ನಮಗೆ ಹಕ್ಕಿರುತ್ತದೆ.