250 ತಾಟು ತೊಳೆದವರು

ಹೋದ ವರ್ಷ ಮಾರ್ಚ್‌ನಲ್ಲಿ ಬ್ಯಾಡಗಿಯ ನನ್ನ ತವರುಮನೆಯಲ್ಲಿ ಮಗಳ ತೊಟ್ಟಿಲ ಕಾರ್ಯ ಆಯ್ತು. ಅದಕ್ಕೆ ಹದಿನೈದು ದಿನ ಮೊದಲು ಅವ್ವನಿಗೂ ನನಗೂ ತಾಟಿನ ವಿಷಯಕ್ಕೆ ಜಗಳ.

"ಆ ಬಿಳೇ ತಾಟು ತರಸೋಣ ಬಿಡು. ಉಂಡು ಒಗದ್ರ ಮುಗೀತು," ಅಂದಳು ಅವ್ವ.

ನಾನು ಬಿಡಲಿಲ್ಲ. ಬೆಂಗಳೂರಿನಲ್ಲಿ ಎಂಟು ವರ್ಷದಿಂದ ಇದ್ದೀನಿ, ಬಾಲ್ಕನಿಯಲ್ಲಿ ಗೊಬ್ಬರದ ಮಡಕೆ ಇದೆ, ಬ್ಯಾಗಿನಲ್ಲಿ ಸ್ಟೀಲ್ ಬಾಟಲಿ ಇದೆ. ಬಾಣಂತಿಯಾಗಿ ಮಂಚದ ಮೇಲೆ ಕೂತೇ ಭಾಷಣ ಮಾಡಿದೆ. ಥರ್ಮಾಕೋಲ್ ತಾಟು ನಮ್ಮ ರಾಜ್ಯದಲ್ಲಿ 2016ರ ಮಾರ್ಚ್ 11ರ ಆದೇಶದಲ್ಲೇ ನಿಷೇಧ ಆಗಿದೆ, 2022ರ ಜುಲೈ 1ರಿಂದ ಇಡೀ ದೇಶಕ್ಕೇ ಒಮ್ಮೆ ಬಳಸಿ ಎಸೆಯೋ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಬಂದ್ ಅಂತೆಲ್ಲ. ಅವ್ವ ಕೇಳಿದಳು, "ಬಂದ್ ಆಗಿದ್ರ ಅಂಗಡ್ಯಾಗ ಹ್ಯಾಂಗ ಸಿಗತಾವ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಆದರೆ ಜಗಳ ನಾನೇ ಗೆದ್ದೆ. 250 ಸ್ಟೀಲ್ ತಾಟು, ಅಷ್ಟೇ ಲೋಟ, ಬಾಡಿಗೆಗೆ ಬಂದವು.

ಊಟ ಚೆನ್ನಾಗಿ ಆಯ್ತು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ರೊಟ್ಟಿ, ಅನ್ನ, ಸಾರು. ಸಾಲಾಗಿ ಹೊಳೆಯೋ ತಾಟುಗಳ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ, ಕೆಳಗೆ "ಝೀರೋ ವೇಸ್ಟ್ ತೊಟ್ಟಿಲು". ಆಫೀಸಿನವರಿಂದ ಹಸಿರು ಹಾರ್ಟುಗಳು ಬಂದವು.

ನಾಲ್ಕು ಗಂಟೆ ಹೊತ್ತಿಗೆ ಮಗು ಮಲಗಿತು ಅಂತ ಹಿತ್ತಲಿಗೆ ಹೋದೆ. ಅವತ್ತು ನಲ್ಲಿ ನೀರು ಬಂದಿರಲಿಲ್ಲ. ಒಂದು ಡ್ರಮ್ ನೀರಿಟ್ಟುಕೊಂಡು ನನ್ನ ಇಬ್ಬರು ಚಿಗವ್ವಂದಿರು, ಅವ್ವ, ಮತ್ತೆ ಕೂಲಿಗೆ ಕರೆಸಿದ್ದ ಒಬ್ಬ ಅಕ್ಕ ಕೂತಿದ್ದರು. ಸುತ್ತ ತಾಟಿನ ಗುಡ್ಡ. ಗಂಡಸರೆಲ್ಲ ಹೊರಗೆ ಪೆಂಡಾಲ್ ಕೆಳಗೆ ಎಲೆ ಅಡಿಕೆ ಹಾಕ್ಕೊಂಡು ಆ ವರ್ಷದ ಮೆಣಸಿನಕಾಯಿ ರೇಟಿನ ಬಗ್ಗೆ ಮಾತಾಡ್ತಿದ್ದರು.

ಆ ಅಕ್ಕ ಪ್ರತಿ ತಾಟು ನೀರಿಗೆ ಅದ್ದುವಾಗಲೂ ಹಲ್ಲು ಕಚ್ಚುತ್ತಿದ್ದಳು. "ಕೈಗೆ ಏನಾಗೈತಿ ಅಕ್ಕಾ?" ಅಂದೆ.

"ಏನಿಲ್ಲ ತಂಗೀ. ತುಂಬು ಬಿಡಸಾಕ ಹೊಕ್ಕೀನಲ್ಲ. ಕಾಯಿ ಖಾರ ಉಗುರಿನಾಗ ಕುಂತಿರತೈತಿ. ಸೋಪಿನ ನೀರು ತಾಗಿದ್ರ ಉರೀತೈತಿ, ಅಷ್ಟs."

ಬ್ಯಾಡಗಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಸೋಮವಾರ, ಗುರುವಾರ ನಮ್ಮೂರ ಮಾರುಕಟ್ಟೆ. ಸೀಸನ್ನಿನಲ್ಲಿ ಹೆದ್ದಾರಿಯ ಮೋಟೆಬೆನ್ನೂರಲ್ಲಿ ಬಸ್ಸಿಳಿದು ಊರ ಕಡೆ ಬರುತ್ತಿದ್ದ ಹಾಗೇ ಘಾಟಿಗೆ ಕೆಮ್ಮು ಬರುತ್ತೆ. ಡಬ್ಬಿ, ಕಡ್ಡಿ ಅಂತ ಎರಡು ಬಗೆ ಕಾಯಿ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಇದರಿಂದ ತೆಗೆಯೋ ಬಣ್ಣ ಲಿಪ್‌ಸ್ಟಿಕ್‌ವರೆಗೂ ಹೋಗುತ್ತೆ. ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸೋ ಕೆಲಸ ಹೆಂಗಸರದ್ದು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಎಲ್ಲರೂ ಹೇಳ್ತಾರೆ. ದಿನವಿಡೀ ಅದರ ತುಂಬು ಬಿಡಿಸಿದ ಬೆರಳಿಗೆ ಆ "ಕಡಿಮೆ" ಗೊತ್ತಾಗಲ್ಲ.

ನಾನು ಕೂತು ತೊಳೀತೀನಿ ಅಂದರೆ ನಾಲ್ವರೂ ಒಟ್ಟಿಗೆ ಬೈದರು. ಬಾಣಂತಿ ತಣ್ಣೀರು ಮುಟ್ಟಬಾರದು. ಒಳಗೆ ಬಂದೆ. ಅವತ್ತು ರಾತ್ರಿ ಅಪ್ಪ ಬರೆದ ಲೆಕ್ಕದ ಚೀಟಿ ಕಣ್ಣಿಗೆ ಬಿತ್ತು. ತಾಟು, ಲೋಟದ ಬಾಡಿಗೆ 1,250. ತೊಳೆದದ್ದಕ್ಕೆ 300. ಸ್ಟೇಟಸ್ ಡಿಲೀಟ್ ಮಾಡಿದೆ ಅಂತ ಹೇಳಿದರೆ ಒಳ್ಳೆಯದಿತ್ತು, ಆದರೆ ಮಾಡಲಿಲ್ಲ. ಇಪ್ಪತ್ನಾಲ್ಕು ಗಂಟೆಗೆ ತಾನೇ ಹೋಯ್ತು.

ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಪರಿಸರಕ್ಕೆ ಒಳ್ಳೆಯದು ಅಂತ ನಾನು ಮಾಡಿದ ನಿರ್ಧಾರದ ಕೆಲಸವನ್ನು ಬೇರೆಯವರ ಕೈ ಮಾಡಿದರೆ, ಆ ಪುಣ್ಯ ಯಾರ ಖಾತೆಗೆ? ನಿರ್ಧಾರ ಮಾಡಿದ್ದಕ್ಕೆ ನನಗೇನೂ ಖರ್ಚಾಗಲಿಲ್ಲ. ಅವ್ವನ ಸೊಂಟ, ಆ ಅಕ್ಕನ ಬೆರಳು ಖರ್ಚಾದವು.

ಹಾಗಾದರೆ ಬಿಳೇ ತಾಟೇ ಸರಿಯಿತ್ತಾ? ಅದೂ ಅಲ್ಲ. ಒಗೆದ ತಾಟು ಮುಗಿದುಹೋಗಲ್ಲ. ಉಳಿದ ಅನ್ನ, ಸಾರಿನ ಜೊತೆ ಮೆತ್ತಿಕೊಂಡು ಊರಾಚೆ ಹೋಗುತ್ತೆ, ದನ ತಿನ್ನುತ್ತೆ, ಇಲ್ಲಾ ಯಾರೋ ಬೆಂಕಿ ಹಚ್ಚುತ್ತಾರೆ. ಬೆಳಗ್ಗೆ ಐದಕ್ಕೆ ಎದ್ದು ಒಬ್ಬ ಪೌರಕಾರ್ಮಿಕ ಮಹಿಳೆ ಅದನ್ನು ಕೈಯಲ್ಲೇ ಎತ್ತುತ್ತಾಳೆ. ತೊಳೆಯೋ ತಾಟಿಗೂ ಒಂದು ಕೈ ಬೇಕು, ಎಸೆಯೋ ತಾಟಿಗೂ ಒಂದು ಕೈ ಬೇಕು. ತೊಳೆಯೋ ಕೈ ನಮ್ಮ ಹಿತ್ತಲಲ್ಲಿ ಕಾಣುತ್ತೆ, ಎತ್ತೋ ಕೈ ಕಾಣಲ್ಲ, ಅಷ್ಟೇ ಫರಕು.

ಇದನ್ನು ಯೋಚಿಸುವಾಗ ನಮ್ಮ ಜಿಲ್ಲೆಯ ಸವಣೂರು ನೆನಪಾಗದೇ ಇರಲ್ಲ. 2010ರ ಜುಲೈನಲ್ಲಿ ಅಲ್ಲಿನ ಭಂಗಿ ಸಮುದಾಯದವರು, ಇದ್ದ ಜಾಗದಿಂದ ತಮ್ಮನ್ನು ಒಕ್ಕಲೆಬ್ಬಿಸೋದರ ವಿರುದ್ಧ, ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ತಲೆಮೇಲೆ ಮಲ ಹೊರೋ ಪದ್ಧತಿಯನ್ನ ನಮ್ಮ ರಾಜ್ಯದಲ್ಲಿ ಎಪ್ಪತ್ತರ ದಶಕದಲ್ಲೇ, ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, ನಿಷೇಧ ಮಾಡಲಾಗಿತ್ತು. ಆಮೇಲೂ ಆ ಕೆಲಸ ಒಂದಷ್ಟು ಮನೆತನಗಳ ಕೈಬಿಡಲಿಲ್ಲ. ಸವಣೂರಾದ ಮೇಲೆ ಮೂರು ವರ್ಷಕ್ಕೆ, 2013ರಲ್ಲಿ, ಕೇಂದ್ರ ಸರ್ಕಾರ ಮತ್ತೊಂದು ಕಾನೂನು ತರಬೇಕಾಯ್ತು. ಫೋಟೋ ನೋಡಿದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. "ಛೆ" ಅಂದು ಪುಟ ತಿರುಗಿಸಿದ್ದೆ. ನಮ್ಮ ದೇಶದಲ್ಲಿ ಕಸ ಅನ್ನೋದು ಬರೀ ವಸ್ತು ಅಲ್ಲ, ಅದು ಯಾರ ಮನೆ ಬಾಗಿಲಿಗೆ ಹೋಗಬೇಕು ಅಂತ ಮೊದಲೇ ಬರೆದಿಟ್ಟಿರೋ ವಿಳಾಸ. ಇದನ್ನ ಬಿಟ್ಟು ಬರೀ ಬಿದಿರಿನ ಟೂತ್‌ಬ್ರಶ್ ಬಗ್ಗೆ ಮಾತಾಡೋದು ನನಗೀಗ ಕಷ್ಟ.

ಬೆಂಗಳೂರಿನ ಕಥೆಯೂ ಅದೇ. ಮಾವಳ್ಳಿಪುರದವರು ಸಾಕು ಅಂದ ಮೇಲೆ ನಗರದ ಲಾರಿಗಳು ಮಂಡೂರಿನ ಕಡೆ ತಿರುಗಿದವು. ಮಂಡೂರಿನವರು ರಸ್ತೆಗಿಳಿದ ಮೇಲೆ, 2014ರ ಡಿಸೆಂಬರ್‌ಗೆ, ಅಲ್ಲೂ ನಿಂತಿತು. ಕಸ ನಿಲ್ಲಲಿಲ್ಲ, ಇನ್ನೊಂದು ಹಳ್ಳಿ ಹುಡುಕಿಕೊಂಡಿತು. 2015ರಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲ ಅಂತ ಹೇಳಿದ್ದು, ಬೇರ್ಪಡಿಸೋ ಕೆಲಸ ಮೊದಲು ಮನೆಯಲ್ಲೇ ಆಗಬೇಕು ಅಂತ. ನಾವು ಐದು ನಿಮಿಷದಲ್ಲಿ ಮಾಡಬಹುದಾದ ಕೆಲಸವನ್ನು ಅಲ್ಲಿ ಒಬ್ಬರು ಕೊಳೆತ ರಾಶಿಗೆ ಕೈ ಹಾಕಿ ಮಾಡುತ್ತಾರೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಇಂಥ ಲೇಖನಗಳಲ್ಲಿ ಅಜ್ಜಿಯನ್ನು ಕರೆತರೋದು ನಮಗೆಲ್ಲ ಚಟ. "ನಮ್ಮ ಅಜ್ಜಿ ಆಗಲೇ ಪರಿಸರವಾದಿ!" ನನ್ನ ಅಮ್ಮನೂ, ಅಂದರೆ ಅವ್ವನ ಅವ್ವ, ಹಳೇ ಸೀರೆಯಲ್ಲಿ ಕೌದಿ ಹೊಲೀತಿದ್ದಳು, ಬೂದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ಒಂದು ಕಾಗದದ ಪೊಟ್ಟಣವನ್ನೂ ಎಸೆದವಳಲ್ಲ. ಆದರೆ ಅವಳಿಗೆ ಬೇರೆ ದಾರಿ ಇತ್ತಾ? ಇಲ್ಲದ್ದಕ್ಕೆ ಮಾಡಿದ್ದನ್ನು ನಾವು ಆದರ್ಶ ಅಂತ ಫ್ರೇಮ್ ಹಾಕೋದು ಅವಳಿಗೆ ಮಾಡೋ ಅವಮಾನವೂ ಹೌದು. ಕೌದಿ ಹೊಲಿದು ಅವಳ ಕಣ್ಣು ಮಂಜಾಯ್ತು. ಅವ್ವ ಬಿಳೇ ತಾಟು ಕೇಳಿದ್ದರಲ್ಲಿ ಆಲಸ್ಯ ಇರಲಿಲ್ಲ. ಐವತ್ತು ವರ್ಷ ಪಾತ್ರೆ ತೊಳೆದ ಹೆಂಗಸು ಒಂದು ದಿನ ರಜೆ ಕೇಳಿದಳು. ನಾನು ಕೊಡಲಿಲ್ಲ.

ಆದರೂ ಅಮ್ಮನ ಕಾಲದ ಒಂದು ಸಂಗತಿ ನನ್ನನ್ನ ಬಿಡಲ್ಲ: ತಿಪ್ಪೆ. ಮನೆ ಹಿಂದೆ ಹತ್ತು ಹೆಜ್ಜೆಗೆ ಇತ್ತು. ಸಗಣಿ, ಕಸ, ಸೊಪ್ಪು, ಒಲೆ ಬೂದಿ ಎಲ್ಲ ಅಲ್ಲಿಗೆ. ಬೇಸಿಗೆಯಲ್ಲಿ ಚಕ್ಕಡಿ ಹೇರಿಕೊಂಡು ಹೊಲಕ್ಕೆ. ದೀಪಾವಳಿಗೆ ನಮ್ಮನೆಯಲ್ಲಿ ತಿಪ್ಪೆಗೂ ಒಂದು ದೀಪ ಇಡುತ್ತಿದ್ದರು. ಬೇರೇನಲ್ಲ, ಎಸೆದದ್ದು ಕಣ್ಣೆದುರೇ ಇರುತ್ತಿತ್ತು. ನಾತ ಬಂದರೆ ನಮಗೇ ಬರುತ್ತಿತ್ತು, ಗೊಬ್ಬರ ಆದರೆ ನಮಗೇ ಆಗುತ್ತಿತ್ತು. ಈಗ ಆ ಜಾಗದಲ್ಲಿ ಕಾರು ನಿಲ್ಲುತ್ತೆ.

ಹಾಗಾಗಿ ನಾನೀಗ ಒಂದು ವಸ್ತು ಹಸಿರಾ ಅಲ್ಲವಾ ಅಂತ ಮೊದಲು ಕೇಳಲ್ಲ, ಇದರಿಂದ ಕೆಲಸ ಯಾರ ಕೈಗೆ ಹೋಯ್ತು ಅಂತ ಕೇಳ್ತೀನಿ. ಹೀಗೆ ಕೇಳಿದರೆ ಕೆಲವು ಉತ್ತರಗಳು ಬದಲಾಗುತ್ತವೆ. ಮಗಳಿಗೆ ಬಟ್ಟೆ ಡೈಪರ್ ಅಂತ ನಾನು ಹಟ ಹಿಡಿದಿದ್ದೆ, ಒಗೆಯುತ್ತಿದ್ದವಳು ಅವ್ವ. ಬೆಂಗಳೂರಿಗೆ ಬಂದ ಮೇಲೆ ಒಂದು ನಿಯಮ ಮಾಡಿಕೊಂಡೆವು: ನಾನು ಇಲ್ಲಾ ಗಂಡ ಒಗೆಯೋದಾದರೆ ಬಟ್ಟೆ. ಇಬ್ಬರಿಗೂ ಆಗದ ದಿನ ಅಂಗಡಿಯದ್ದು, ಅದನ್ನ ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆ ಕೊಡೋದು, ಎತ್ತುವವರಿಗೆ ಒಳಗೇನಿದೆ ಅಂತ ಗೊತ್ತಾಗಲಿ. ಮನೆಗೆಲಸದ ಅಕ್ಕನ ತಲೆಗೆ ನಮ್ಮ ಆದರ್ಶ ಕಟ್ಟೋದಿಲ್ಲ.

ಹಾಲಿನ ಕವರಿನ ಮೂಲೆಯನ್ನ ಪೂರ್ತಿ ಕತ್ತರಿಸಬೇಡಿ, ಕಿವಿ ಕವರಿಗೇ ಅಂಟಿಕೊಂಡಿರಲಿ. ಆ ಉಗುರಿನಷ್ಟು ಚೂರನ್ನ ಯಾರೂ ಆರಿಸೋಕಾಗಲ್ಲ. ತೊಳೆದು ಒಣಗಿಸಿದ ಇಡೀ ಕವರಿಗೆ ಗುಜರಿಯಲ್ಲಿ ಬೆಲೆ ಇದೆ. ನಮ್ಮ ಮನೆ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸವೇ; ಅದು ಗಾಳಿಯಾಡದ ಗುಡ್ಡೆಯಲ್ಲಿ ಕೊಳೆತರೆ ಮೀಥೇನ್, ಬಾಲ್ಕನಿಯ ಮಡಕೆಯಲ್ಲಿ ಕೊಳೆತರೆ ಗೊಬ್ಬರ. ಮಡಕೆಯಲ್ಲಿ ಹುಳ ಆಗುತ್ತೆ. ಆಗಲಿ. ಒಣಗಿದ ಎಲೆ ಜಾಸ್ತಿ ಹಾಕಿ.

ಬಟ್ಟೆ ಚೀಲದ ಬಗ್ಗೆ ನನಗೆ ಸ್ವಲ್ಪ ನಾಚಿಕೆಯ ಕಥೆ ಇದೆ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಒಂದು ಲೆಕ್ಕ ಹಾಕಿತು: ಹೊಸ ಹತ್ತಿ ಚೀಲ, ಎಲ್ಲ ಬಗೆಯ ಪರಿಸರ ಹೊರೆ ಸೇರಿಸಿದರೆ, ಒಂದು ಪ್ಲಾಸ್ಟಿಕ್ ಚೀಲಕ್ಕೆ ಸಮ ಆಗೋಕೆ 7,100 ಸಲ ಬಳಕೆಯಾಗಬೇಕು. ಬೀದಿಯಲ್ಲಿ, ಕಾಲುವೆಯಲ್ಲಿ ಬೀಳೋ ಪ್ಲಾಸ್ಟಿಕ್ಕಿನ ಕಾಟ ಆ ಲೆಕ್ಕದಲ್ಲಿ ಇಲ್ಲ ಅನ್ನೋದೂ ನಿಜ. ಆದರೂ ನಮ್ಮನೆಯಲ್ಲಿ ಕಾನ್ಫರೆನ್ಸುಗಳಿಂದ ತಂದ ಇಪ್ಪತ್ಮೂರು ಹೊಸ ಚೀಲಗಳಿದ್ದವು, ಭೂಮಿ ಉಳಿಸಿ ಅಂತ ಪ್ರಿಂಟ್ ಆಗಿದ್ದವೇ ಆರು. ಅವ್ವನ ಸಂತೆ ಚೀಲ ಅಪ್ಪನ ಹಳೇ ಪ್ಯಾಂಟಿನದು. ಒಂದೇ ಒಂದು, ಹನ್ನೆರಡು ವರ್ಷದಿಂದ.

ಬ್ಯಾಡಗಿಯವರಿಗೆ ಸುಲಭವಾದ ಇನ್ನೊಂದು ದಾರಿ ಇದೆ, ಉಳಿದವರೂ ಪ್ರಯತ್ನಿಸಬಹುದು. ಬೇಸಿಗೆ ಹೊತ್ತಿಗೆ ವರ್ಷಕ್ಕಾಗುವಷ್ಟು ಕಾಯಿ ತಂದು, ಒಣಗಿಸಿ, ಸ್ವಂತ ಡಬ್ಬಿ ಒಯ್ದು ಗಿರಣಿಯಲ್ಲಿ ಖಾರ ಕುಟ್ಟಿಸೋದು. ನೂರು ಗ್ರಾಮಿನ ಪದರ ಪದರದ ಪ್ಯಾಕೆಟ್ಟುಗಳು, ಮರುಬಳಕೆಗೆ ಯಾರಿಗೂ ಬೇಡದವು, ವರ್ಷಕ್ಕೆ ಎಷ್ಟೋ ಉಳಿಯುತ್ತವೆ. ತುಂಬು ಬಿಡಿಸೋ ಕೆಲಸ ಮಾತ್ರ ಆಗ ನಿಮ್ಮ ಕೈಗೆ ಬರುತ್ತೆ. ಈ ಸಲ ಎರಡು ಕೆಜಿ ನಾನೇ ಬಿಡಿಸಿದೆ. ಆಮೇಲೆ ಮರೆತು ಕಣ್ಣುಜ್ಜಿಕೊಂಡೆ. ವಿವರ ಬೇಡ.

ಇದನ್ನೆಲ್ಲ ಹೇಳಿದಾಗ ನನ್ನ ತಮ್ಮನದು ಎರಡು ತಕರಾರು. ಒಂದು, ದೊಡ್ಡ ಕಂಪನಿಗಳು ಕೋಟಿಗಟ್ಟಲೆ ಸ್ಯಾಶೆ ಮಾರುವಾಗ ನಿನ್ನ ಹಾಲಿನ ಕವರ್ ಏನು ಮಹಾ? ನಿಜ. ಅವರನ್ನ ಕಾನೂನಿನಿಂದಲೇ ಹಿಡೀಬೇಕು, ಅದಕ್ಕೆ ದನಿ ಎತ್ತಲೇಬೇಕು. ಆದರೆ ಅವರು ಸರಿಹೋಗೋವರೆಗೂ ನನ್ನ ಹಸಿ ಕಸವನ್ನ ಇನ್ನೊಬ್ಬಳು ಕೈಯಲ್ಲಿ ಬೇರ್ಪಡಿಸಲಿ ಅನ್ನೋದಕ್ಕೆ ಅದು ಸಮಜಾಯಿಷಿ ಆಗಲ್ಲ. ಎರಡನೇದು ಕಷ್ಟದ್ದು. "ನೀನs ತೊಳಕೊಂಡ್ರ ಆ ಅಕ್ಕನ ಕೂಲಿ ಹೋಗತೈತಿ." ಇದಕ್ಕೆ ನನ್ನ ಉತ್ತರ ಗಟ್ಟಿಯಿಲ್ಲ. ಕೆಲಸ ಬೇಕು ಅನ್ನೋದು ಸರಿ, ಆದರೆ ತಾಟಿಗೆ 1,250, ಕೈಗೆ 300 ಅನ್ನೋ ಲೆಕ್ಕ ಸರಿಯಿಲ್ಲ. ತೊಳೆಸೋದಾದರೆ ತಾಟಿನ ಬಾಡಿಗೆಗಿಂತ ಕೈಯ ಕೂಲಿ ಜಾಸ್ತಿ ಇರಬೇಕು, ಜೊತೆಗೆ ರಬ್ಬರ್ ಕೈಚೀಲ ಇರಬೇಕು. ಅಷ್ಟು ಕೊಡಲಾಗದಿದ್ದರೆ ಸ್ಟೀಲ್ ತಾಟಿನ ಫೋಟೋ ಹಾಕಬಾರದು.

ಡಿಸೆಂಬರ್‌ನಲ್ಲಿ ಮಗಳ ಮೊದಲ ಹುಟ್ಟುಹಬ್ಬ, ಮತ್ತೆ ಬ್ಯಾಡಗಿಯಲ್ಲೇ. ಈ ಸಲ ಅವ್ವನನ್ನು ಕೇಳಿದೆ, ಹೇಳಲಿಲ್ಲ. ಮುತ್ತಲ ಎಲೆಯ ಪತ್ರಾವಳಿ ಅಂತ ಅವಳೇ ತೀರ್ಮಾನಿಸಿದಳು. ಉಂಡ ಎಲೆ ಕಾಕಾನ ಹೊಲದ ಗುಂಡಿಗೆ. ಲೋಟ ಮಾತ್ರ ಸ್ಟೀಲಿನವು. ಆ ಅಕ್ಕನನ್ನ ಊಟಕ್ಕೆ ಅಂತಲೇ ಕರೆದಿದ್ದೆವು. ಉಂಡು ಕೈತೊಳೆದವಳೇ ಅಭ್ಯಾಸಬಲದಿಂದ ಹಿತ್ತಲ ಕಡೆ ಹೊರಟಳು. ಅಲ್ಲಿ ನನ್ನ ಗಂಡ, ತುಮಕೂರಿನವನು, ಪ್ಯಾಂಟು ಮಡಚಿಕೊಂಡು ನನ್ನ ತಮ್ಮನ ಜೊತೆ ಲೋಟ ತೊಳೀತಿದ್ದ. ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವ್ವ ಓಡಿ ಬಂದಳು.

"ಅಯ್ಯ ಶಿವನs! ಅಳಿಯಾರ ಕೈಲೆ ಲೋಟ ತೊಳಸ್ತಾರs? ಮಂದಿ ನೋಡಿದ್ರ ಏನಂದಾರು?"

"ಇರ್ಲಿ ಬಿಡಿ ಅತ್ತೆ, ಮುಗೀತಾ ಬಂತು," ಅಂದ ಅವನು, ಮೈತುಂಬ ನೀರು ಮಾಡಿಕೊಂಡು.

ಇಬ್ಬರೂ ಎರಡು ತಾಸು ಕೂತು ಎಲ್ಲ ಲೋಟ ಮುಗಿಸಿದರು. ನಾವು ಬೆಂಗಳೂರಿಗೆ ಹೊರಟ ಮೇಲೆ, ಬಾಡಿಗೆಯವರು ಒಯ್ಯುವ ಮೊದಲು, ಅವ್ವ ಅವನ್ನೆಲ್ಲ ಇನ್ನೊಮ್ಮೆ ತೊಳೆದಳಂತೆ. ಜಿಡ್ಡು ಹೋಗಿರಲಿಲ್ಲವಂತೆ. ತಮ್ಮ ಫೋನಿನಲ್ಲಿ ಹೇಳಿದ.