ಬಿದ್ದ ಬೆಳಕು, ಬಂದ ಬೆಳಕು

ಒಂದು ವಸ್ತುವನ್ನು ಅದರ ತೋರಿಕೆಯಿಂದ ಅಳೆಯಬೇಕೋ, ಅದರ ಮೇಲೆ ಬಿದ್ದ ಬೆಳಕಿನಿಂದ ಅಳೆಯಬೇಕೋ? ಇದು ತಾರ್ಕಿಕರ ಪ್ರಶ್ನೆಯಂತೆ ಕಂಡರೂ ಛಾಯಾಚಿತ್ರ ತೆಗೆಯುವವನು ದಿನವೂ ಎದುರಿಸುವ ಪ್ರಶ್ನೆಯಾಗಿದೆ.

ಬೆಳಕಿನ ಮಾಪಕವು, ಎಂದರೆ ಲೈಟ್ ಮೀಟರು, ಮೊದಲು ಕೈಯಲ್ಲಿ ಹಿಡಿಯುವ ಉಪಕರಣವಾಗಿತ್ತು. ಅಮೆರಿಕದ ವೆಸ್ಟನ್ ಸಂಸ್ಥೆಯು 1932ರಲ್ಲಿ ಹೊರತಂದ ಮಾಪಕದಲ್ಲಿ, ಬೆಳಕು ಬಿದ್ದೊಡನೆ ಸೆಲೆನಿಯಂ ಕೋಶದಲ್ಲಿ ವಿದ್ಯುತ್ತು ಹುಟ್ಟಿ ಮುಳ್ಳು ಚಲಿಸುತ್ತಿತ್ತು. 1935ರಲ್ಲಿ ಜರ್ಮನಿಯ ಕಾಂಟಾಫ್ಲೆಕ್ಸ್ ಕ್ಯಾಮೆರಾದ ಒಡಲಿಗೇ ಮಾಪಕವು ಸೇರಿತು. ಅನುಕೂಲವೇನೋ ಹೆಚ್ಚಿತು, ಆದರೆ ಈ ಒಳಗಿನ ಮಾಪಕಕ್ಕೆ ಒಂದು ಕೊರತೆಯುಂಟು. ವಸ್ತುವಿನಿಂದ ಪ್ರತಿಫಲಿಸಿ ಬಂದ ಬೆಳಕನ್ನಲ್ಲದೆ ಅದು ಬೇರೇನನ್ನೂ ಅರಿಯದು. ಬಂದ ಬೆಳಕು ಅಲ್ಪವಾಗಿದ್ದರೆ, ವಸ್ತುವೇ ಕಪ್ಪೋ, ನೆರಳಿನಲ್ಲಿ ನಿಂತ ಬಿಳುಪೋ ಎಂಬುದು ಅದಕ್ಕೆ ತಿಳಿಯದು. ಆದುದರಿಂದ ಎದುರಿಗಿರುವುದೆಲ್ಲವೂ, ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲನ್ನು ಹಿಂದಕ್ಕೆ ಕೊಡುವ ನಡುಬೂದಿಯ ಬಣ್ಣದ್ದೆಂದು ಭಾವಿಸಿಕೊಳ್ಳುವುದು. ಈಚಿನ ಕ್ಯಾಮೆರಾಗಳು ಗಣನೆಯ ಬಲದಿಂದ ಇದನ್ನು ಕೆಲಮಟ್ಟಿಗೆ ತಿದ್ದಿಕೊಳ್ಳುತ್ತವಾದರೂ ಮೂಲದ ಊಹೆ ಅದೇ.

ಇದರ ಫಲವನ್ನು ನಮ್ಮ ಸೀಮೆಯಲ್ಲಿಯೇ ಕಾಣಬಹುದು. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಿಸೆಮರಗಳಲ್ಲಿ ಗೂಡುಕಟ್ಟುವ ಬಣ್ಣದ ಕೊಕ್ಕರೆಯ ಬೆಳ್ಳನೆಯ ಮೈಯನ್ನಳೆದು ಚಿತ್ರ ತೆಗೆದರೆ ಬಿಳುಪು ಮಾಸಿ ಬೂದಿಯಾಗುವುದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ ಬಲಿತ ಗಂಡು ಕೃಷ್ಣಮೃಗದ ಬೆನ್ನನ್ನಳೆದರೆ ಕಪ್ಪು ತೆಳುವಾಗಿ ಅದೇ ಬೂದಿಗಿಳಿಯುವುದು. ಒಂದರ ಶುಭ್ರತೆಯೂ ಮತ್ತೊಂದರ ಗಾಂಭೀರ್ಯವೂ ಒಟ್ಟಿಗೆ ಹೋದುವು.

ಕೆಲವು ವರ್ಷಗಳ ಹಿಂದೆ ಕೊರಟಗೆರೆಯ ಬಂಧುಗಳ ಮನೆಯಲ್ಲಿ, ವರನ ಕಡೆಯವರಿಗೆ ಕಳುಹಿಸಲೆಂದು ಒಬ್ಬ ಹುಡುಗಿಯ ಚಿತ್ರವನ್ನು ತೆಗೆದೆನು. ಅವಳದು ಕಪ್ಪು ಮೈಬಣ್ಣ. ಮುಖದ ಮೇಲೆಯೇ ಮಾಪಕವನ್ನು ನೆಟ್ಟು ತೆಗೆದುದರಿಂದ ಬಣ್ಣ ತಿಳಿಯಾಗಿ ಬಂದಿತು. ಹಿರಿಯರಿಗೆ ಪರಮಸಂತೋಷ. ಹುಡುಗಿ ಮಾತ್ರ ಚಿತ್ರವನ್ನು ದಿಟ್ಟಿಸಿ, "ಇದು ನಾನಲ್ಲವಲ್ಲ, ಮಾವ" ಎಂದಳು.

ನನಗೆ ನಾಚಿಕೆಯಾಯಿತು. ಕೈಮಾಪಕವನ್ನು ತೆಗೆದುಕೊಂಡು ಅವಳ ಬಳಿಗೆ ಹೋಗಿ, ಅದರ ಬಿಳಿಯ ಗುಮ್ಮಟವನ್ನು ಮುಖದ ಮುಂದೆ ಕ್ಯಾಮೆರಾದ ಕಡೆಗೆ ತಿರುಗಿಸಿ ಹಿಡಿದು, ಅವಳ ಮೇಲೆ ಬಿದ್ದ ಬೆಳಕನ್ನಳೆದೆನು. ಎರಡನೆಯ ಚಿತ್ರದಲ್ಲಿ ಮುಖವು ಕಪ್ಪಾಗಿಯೇ ಇದ್ದಿತು. ಕಣ್ಣಿನ ಹೊಳಪೂ ತುಟಿಯಂಚಿನ ನಗೆಯೂ ಸ್ಪಷ್ಟವಾಗಿದ್ದುವು. ಅವಳು ಅದನ್ನೇ ಆರಿಸಿದಳು. ಹಿರಿಯರು ಅಸಮಾಧಾನಗೊಂಡರು.

ಮೊದಲನೆಯ ಚಿತ್ರದಿಂದ ಯಾರಿಗೇನು ಕೇಡೆಂದು ವಾಚಕರು ಕೇಳಬಹುದು. ಮಗಳ ಮದುವೆಯ ಕಳವಳವು ಸುಳ್ಳಲ್ಲ. ಲೋಕದ ಕಣ್ಣು ಕ್ರೂರವಾದುದೆಂಬುದೂ ನಿಜ. ಆದರೆ ಆ ಕ್ರೌರ್ಯಕ್ಕೆ ಹೆದರಿ ಅವಳನ್ನೇ ಅಳಿಸುವ ದಯೆಯು ದಯೆಯೆನಿಸದು. ಎಲ್ಲರನ್ನೂ ಒಂದೇ ಬೂದಿಗೆ ತರುವುದು ಸಮತ್ವವೂ ಅಲ್ಲ.

ಮನುಷ್ಯರನ್ನು ತೂಗುವಾಗಲೂ ನಾವು ಹೆಚ್ಚಾಗಿ ನಮ್ಮ ಜಾಗದಲ್ಲಿಯೇ ನಿಂತು, ಅವರಿಂದ ಬಂದುದನ್ನಷ್ಟೇ ಎಣಿಸುವೆವು. ಅವರ ಮೇಲೆ ಎಷ್ಟು ಬೆಳಕು ಬಿದ್ದಿತ್ತೆಂದು ತಿಳಿಯಲು ಎದ್ದು ಅವರಿದ್ದೆಡೆಗೆ ನಡೆಯಬೇಕು. ಗೂಡಿನ ಕೊಕ್ಕರೆಯ ಬಳಿಗೆ ಹೋಗುವುದು ಸಲ್ಲದು. ಆಗ ಛಾಯಾಗ್ರಾಹಕನು ಅದು ಕುಳಿತಿರುವಂತಹುದೇ ಬಿಸಿಲಿನಲ್ಲಿ ತಾನೂ ನಿಂತು ಅಳೆಯುವನು. ಅಷ್ಟಾದರೂ ನಮ್ಮಿಂದ ಆಗಬೇಡವೆ?