ವಿಧವೆಯ ಎಣ್ಣೆಯೂ ನಾಲ್ಕು ಕಾರ್ಡುಗಳ ಲೆಕ್ಕವೂ

ಸತ್ಯವೇದವನ್ನು ತೆರೆಯೋಣ. ಎರಡನೇ ಅರಸುಗಳು 4ನೇ ಅಧ್ಯಾಯ, ಮೊದಲ ಏಳು ವಚನಗಳು.

ಈ ಭಾಗದ ಮೇಲೆ ನೀವು ಬೇಕಾದಷ್ಟು ಪ್ರಸಂಗ ಕೇಳಿದ್ದೀರಿ. ಖಾಲಿ ಪಾತ್ರೆಗಳ ಬಗ್ಗೆ ಕೇಳಿದ್ದೀರಿ, ಬಾಗಿಲು ಮುಚ್ಚಿಕೊಂಡಿದ್ದರ ಬಗ್ಗೆ ಕೇಳಿದ್ದೀರಿ, ಎಣ್ಣೆ ಅಂದರೆ ಪವಿತ್ರಾತ್ಮ ಅಂತ ಕೇಳಿದ್ದೀರಿ. ಎಲ್ಲ ಸರಿ. ಆದರೆ ಏಳನೇ ವಚನ ಬಂದಾಗ ಪ್ರಸಂಗ ಮಾಡುವವರೆಲ್ಲ ಸ್ವಲ್ಪ ಬೇಗ ದಾಟಿಹೋಗ್ತಾರೆ. ಇವತ್ತು ಅಲ್ಲೇ ನಿಲ್ಲೋಣ ಅಂತ ಕರ್ತನು ನನ್ನ ಹೃದಯದಲ್ಲಿ ಭಾರ ಕೊಟ್ಟಿದ್ದಾನೆ.

ಆ ತಾಯಿ ಯಾರು ನೋಡಿ. ಆಕೆಯ ಗಂಡ ಪ್ರವಾದಿಗಳ ಮಂಡಳಿಯಲ್ಲಿದ್ದವನು, ದೇವರಿಗೆ ಭಯಪಟ್ಟು ಬದುಕಿದವನು. ಹಾಗಿದ್ದೂ ಸಾಲ ಇಟ್ಟು ತೀರಿಕೊಂಡ. ವಿಶ್ವಾಸಿಯ ಮನೆಯಲ್ಲೂ ಸಾಲ ಬರುತ್ತೆ, ಸೇವಕನ ಮನೆಯಲ್ಲೂ ಬರುತ್ತೆ. ಸಾಲಗಾರ ಬಾಗಿಲಿಗೆ ಬಂದಿದ್ದಾನೆ, ಇಬ್ಬರು ಗಂಡುಮಕ್ಕಳನ್ನ ದಾಸರಾಗಿ ಕರ್ಕೊಂಡು ಹೋಗ್ತೀನಿ ಅಂತಿದ್ದಾನೆ. ಆಕೆ ಎಲೀಷನ ಹತ್ತಿರ ಬಂದು ಅಳ್ತಾಳೆ. ಎಲೀಷ ಏನು ಮಾಡಿದ? ತಕ್ಷಣ ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದ್ನಾ? ಇಲ್ಲ. ಮನೆಯಲ್ಲಿ ಏನೇನಿದೆ ಹೇಳು ಅಂತ ಕೇಳಿದ. ಮೊದಲು ಲೆಕ್ಕ ಕೇಳಿದ! ಆಕೆಗೆ ಉತ್ತರ ಗೊತ್ತಿತ್ತು. ಸ್ವಲ್ಪ ಎಣ್ಣೆ, ಅಷ್ಟೇ. ಬೇರೇನೂ ಇಲ್ಲ.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಬರೋ ಚೀಟಿಗಳಲ್ಲಿ ‘ಸಾಲದಿಂದ ಬಿಡುಗಡೆ’ ಅಂತ ಬರೆದಿರೋದೇ ಜಾಸ್ತಿ. ಮೊದಲೆಲ್ಲ ಕೈಸಾಲ, ಚೀಟಿ, ಮೀಟರ್ ಬಡ್ಡಿ ಇರ್ತಿತ್ತು. ಈಗ ಕಾರ್ಡು. ಒಂದಲ್ಲ, ಮೂರು, ನಾಲ್ಕು, ಆರು. ಒಟ್ಟು ಎಷ್ಟು ಕೊಡಬೇಕು ಅಂತ ಕೇಳಿದರೆ, ‘ಪಾಸ್ಟರ್, ಸುಮಾರು ಎರಡು ಮೂರು ಲಕ್ಷ ಇರಬಹುದು’ ಅಂತಾರೆ. ಎರಡೋ ಮೂರೋ? ನಡುವೆ ಒಂದು ಲಕ್ಷ ಇದೆ, ತಮ್ಮಾ! ಒಂದು ಲೀಟರ್ ಹಾಲಿಗೆ ಎರಡು ರೂಪಾಯಿ ಜಾಸ್ತಿ ಆದರೆ ಬೀದಿ ತುಂಬಾ ಮಾತಾಡ್ತೀವಿ.

ಗೊತ್ತಿಲ್ಲದೆ ಇರೋದಕ್ಕೆ ಸೋಮಾರಿತನ ಕಾರಣ ಅಂತ ನಾನು ಹೇಳಲ್ಲ. ಭಯ ಕಾರಣ. ಸ್ಟೇಟ್‌ಮೆಂಟ್ ಮೇಲ್ ಬಂದರೆ ತೆರೆಯೋದಕ್ಕೆ ಕೈ ನಡುಗುತ್ತೆ. ಫೋನಿನಲ್ಲಿ ಬ್ಯಾಂಕಿನ ನಂಬರ್ ಬಂದರೆ ಉಲ್ಟಾ ಮಾಡಿ ಇಡ್ತೀವಿ. ಹೆಂಡತಿಗೆ ಎರಡು ಕಾರ್ಡಿನ ವಿಷಯ ಗೊತ್ತು, ಮೂರನೇದು ಗೊತ್ತಿಲ್ಲ. ಅಲ್ಲೇ ಸೈತಾನನಿಗೆ ಜಾಗ ಸಿಗೋದು, ಪ್ರಿಯರೇ. ಕತ್ತಲೆಯಲ್ಲಿ ಇಟ್ಟಿರೋ ಸಾಲ ಅವನ ಕೈಯಲ್ಲಿ ಚಾಟಿ ಆಗುತ್ತೆ.

ಹಾಗಾದರೆ ಜನ ಏನು ಮಾಡ್ತಾರೆ? ಒಂದು ಕಾರ್ಡಿನ ಸಾಲವನ್ನ ಇನ್ನೊಂದು ಕಾರ್ಡಿಗೆ ಹಾಕ್ತಾರೆ. ಅದಕ್ಕೆ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಅಂತ ಹೆಸರು. ಇದು ಪಾಪ ಅಂತ ನಾನು ಹೇಳ್ತಾ ಇಲ್ಲ, ಸರಿಯಾಗಿ ಕೇಳಿಸ್ಕೊಳ್ಳಿ. ಲೆಕ್ಕ ಇಟ್ಟುಕೊಂಡು ಮಾಡಿದರೆ ಅದರಿಂದ ಉಪಯೋಗ ಇದೆ. ಹೇಗೆ ಅಂತ ನೋಡೋಣ, ಪೆನ್ ತಗೊಳ್ಳಿ.

ಒಂದು ಕಾರ್ಡಿನಲ್ಲಿ 1 ಲಕ್ಷ ಬಾಕಿ ಇದೆ ಅಂತ ಇಟ್ಕೊಳ್ಳಿ. ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್, ನಮ್ಮ ದೇಶದಲ್ಲಿ ಎಷ್ಟೋ ಕಾರ್ಡುಗಳ ದರ ಅದರ ಆಸುಪಾಸಿನಲ್ಲೇ ಇದೆ. ಅಂದರೆ ತಿಂಗಳಿಗೆ 3,500. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 630 ರೂಪಾಯಿ. ಒಟ್ಟು 4,130. ಸ್ಟೇಟ್‌ಮೆಂಟಿನಲ್ಲಿ ‘ಮಿನಿಮಮ್ ಡ್ಯೂ’ ಅಂತ ಇರುತ್ತಲ್ಲ, ಅದು 5 ಪರ್ಸೆಂಟ್ ಅಂತ ಇಟ್ಕೊಂಡರೆ 5,000. ನೀವು ಬೆವರು ಸುರಿಸಿ ದುಡಿದ 5,000 ಕಟ್ಟಿದಿರಿ, ಸಾಲದಲ್ಲಿ ಕಡಿಮೆ ಆಗಿದ್ದು ಎಷ್ಟು? 870 ರೂಪಾಯಿ! ಅದೂ ಆ ಕಾರ್ಡಿನಲ್ಲಿ ಹೊಸದಾಗಿ ಏನೂ ಕೊಳ್ಳದೆ ಇದ್ದರೆ. ಕೊಂಡರೆ, ಹಳೇ ಬಾಕಿ ಇರೋತನಕ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗಲ್ಲ, ಕೊಂಡ ದಿನದಿಂದಲೇ ಬಡ್ಡಿ. ಇದು ಎಷ್ಟು ಜನಕ್ಕೆ ಗೊತ್ತಿತ್ತು? ಕೈ ಎತ್ತಿ. ನೋಡಿ, ಕಡಿಮೆ ಜನ.

ಈಗ ಅದೇ 1 ಲಕ್ಷವನ್ನ ಬೇರೆ ಬ್ಯಾಂಕಿನ ಕಾರ್ಡಿಗೆ ವರ್ಗಾಯಿಸಿದಿರಿ. ಆರು ತಿಂಗಳಿಗೆ ಕಡಿಮೆ ಬಡ್ಡಿ, ತಿಂಗಳಿಗೆ 1 ಪರ್ಸೆಂಟ್ ಅನ್ನೋಣ. ಶುರುವಿನಲ್ಲೇ ಪ್ರೊಸೆಸಿಂಗ್ ಫೀ, 2 ಪರ್ಸೆಂಟ್ ಆದರೆ 2,000, ಅದಕ್ಕೂ ಜಿಎಸ್‌ಟಿ 360. ಮೊದಲ ತಿಂಗಳ ಬಡ್ಡಿ ಜಿಎಸ್‌ಟಿ ಸೇರಿ 1,180. ಹಳೇ ಕಾರ್ಡಿನಲ್ಲಿ 4,130 ಹೋಗ್ತಿತ್ತು, ಇಲ್ಲಿ 1,180. ಲಾಭ ತಾನೇ? ಲಾಭವೇ. ಆದರೆ ಆರು ತಿಂಗಳಲ್ಲಿ ಮುಗಿಸಬೇಕು ಅಂದರೆ ತಿಂಗಳಿಗೆ 17 ಸಾವಿರಕ್ಕಿಂತ ಸ್ವಲ್ಪ ಜಾಸ್ತಿಯೇ ಕಟ್ಟಬೇಕು. ಏಳನೇ ತಿಂಗಳು ಉಳಿದಿದ್ದಕ್ಕೆಲ್ಲ ಮತ್ತೆ ಆ ಕಾರ್ಡಿನ ಮಾಮೂಲಿ ಬಡ್ಡಿ. ಆ ಏಳನೇ ತಿಂಗಳು ಯಾವುದು ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದವರು ಯಾರು? ಯಾರೂ ಇಲ್ಲ. ಮದುವೆ ತಾರೀಖು ಮರೆತರೂ ಮನೆಯಲ್ಲಿ ಕ್ಷಮೆ ಸಿಗಬಹುದು, ಈ ತಾರೀಖು ಮರೆತರೆ ಸಿಗಲ್ಲ.

ನಿಜವಾದ ಅಪಾಯ ಅದಕ್ಕಿಂತ ಹಿಂದೆಯೇ ಇದೆ. ಹಳೇ ಕಾರ್ಡು ಈಗ ಖಾಲಿ. ಫೋನ್ ತೆಗೆದು ನೋಡಿದರೆ ಅದರಲ್ಲಿ 1 ಲಕ್ಷ ಲಿಮಿಟ್ ಮತ್ತೆ ಕಾಣ್ತಾ ಇದೆ. ಹಬ್ಬ ಬಂತು, ಸ್ಕೂಲ್ ಫೀಸ್ ಬಂತು, ಫ್ರಿಡ್ಜ್ ಕೆಟ್ಟೋಯ್ತು. ಒಂದು ವರ್ಷ ಬಿಟ್ಟು ನೋಡಿದರೆ ಎರಡು ಕಾರ್ಡೂ ತುಂಬಿವೆ. ವಿಧವೆ ಒಂದು ಮೊಗೆಯಿಂದ ಪಾತ್ರೆಗಳಿಗೆ ಸುರಿದಾಗ ಎಣ್ಣೆ ಹೆಚ್ಚಾಯಿತು. ನಾವು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಸುರಿದಾಗ ಸಾಲ ಹೆಚ್ಚಾಗುತ್ತೆ! ಎರಡೂ ಸುರಿಯೋದೇ, ಆದರೆ ಸುರಿಯೋ ವಸ್ತು ಬೇರೆ. ಆದ್ದರಿಂದ ಟ್ರಾನ್ಸ್‌ಫರ್ ಮಾಡಿದ ದಿನವೇ ಹಳೇ ಕಾರ್ಡಿನ ಬಾಕಿ ಪೂರ್ತಿ ಸೊನ್ನೆ ಆಯ್ತಾ ನೋಡಿ, ಆಗಿದ್ದರೆ ಕ್ಲೋಸ್ ಮಾಡಿ ಅಂತ ಬರವಣಿಗೆಯಲ್ಲಿ ಕೇಳಿ. ಬಾಕಿ ಇಲ್ಲದ ಕಾರ್ಡನ್ನ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು, ಇಲ್ಲದಿದ್ದರೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ನಿಮಗೆ ಕೊಡಬೇಕು ಅಂತ 2022ರಲ್ಲೇ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ.

ನೆಹೆಮೀಯನ 5ನೇ ಅಧ್ಯಾಯ ಗುರುತು ಮಾಡ್ಕೊಳ್ಳಿ, ಮನೆಗೆ ಹೋಗಿ ಓದಿ. ಜನ ಹೊಲ, ದ್ರಾಕ್ಷೇತೋಟ, ಮನೆ ಎಲ್ಲ ಒತ್ತೆ ಇಟ್ಟು ಕಾಳು ತಂದು ತಿಂದಿದ್ದಾರೆ, ಮಕ್ಕಳು ದಾಸರಾಗ್ತಾ ಇದ್ದಾರೆ. ನೆಹೆಮೀಯನಿಗೆ ಸಿಟ್ಟು ಬಂತು. ಶ್ರೀಮಂತರನ್ನ ಕರೆಸಿ, ತಗೊಂಡಿರೋ ನೂರರಲ್ಲೊಂದು ಪಾಲಿನ ಬಡ್ಡಿಯನ್ನೂ ವಾಪಸ್ ಕೊಡಿ ಅಂದ. ಅದು ತಿಂಗಳಿಗೆ ನೂರಕ್ಕೆ ಒಂದು ಅಂತ ಅನೇಕ ವ್ಯಾಖ್ಯಾನಕಾರರು ಹೇಳ್ತಾರೆ. ತಿಂಗಳಿಗೆ ಒಂದಕ್ಕೇ ದೇವರ ಮನುಷ್ಯನಿಗೆ ಅಷ್ಟು ಸಿಟ್ಟು ಬಂತು. ನಾವು ಮೂರೂವರೆಗೆ ಸಹಿ ಹಾಕಿ, ಮೆಟ್ರೋ ಸ್ಟೇಷನ್ ಹತ್ತಿರ ಟೇಬಲ್ ಹಾಕ್ಕೊಂಡು ಕೂತವನು ಕೊಟ್ಟ ಟ್ರಾಲಿ ಬ್ಯಾಗ್ ಎಳ್ಕೊಂಡು ಮನೆಗೆ ಬರ್ತೀವಿ. ಕಾರ್ಡಿನ ಬಡ್ಡಿ ವರ್ಷಕ್ಕೆ 30 ಪರ್ಸೆಂಟ್ ದಾಟಬಾರದು ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಹಾಗಾಗಿ ಯಾರೋ ಬಂದು ಬಡ್ಡಿ ಇಳಿಸ್ತಾರೆ ಅಂತ ಕಾಯ್ತಾ ಕೂತ್ಕೋಬೇಡಿ.

ಇನ್ನು ಪುಸ್ತಕ. ಜ್ಞಾನೋಕ್ತಿಗಳು 27ರ 23 ನೋಡಿ. ಕುರಿ ಸಾಕುವವನು ತನ್ನ ಹಿಂಡಿನ ಸ್ಥಿತಿ ತಾನೇ ಚೆನ್ನಾಗಿ ತಿಳ್ಕೊಂಡಿರಬೇಕು ಅನ್ನೋ ಅರ್ಥದ ಮಾತು ಅಲ್ಲಿದೆ. ನಮ್ಮ ಹಿಂಡು ಈಗ ಪರ್ಸಿನಲ್ಲಿದೆ. ಒಂದು ನೋಟ್‌ಬುಕ್ ತಗೊಳ್ಳಿ, ಒಂದೊಂದು ಕಾರ್ಡಿಗೆ ಒಂದೊಂದು ಪುಟ. ಬ್ಯಾಂಕಿನ ಹೆಸರು, ಕಾರ್ಡಿನ ಕೊನೆಯ ನಾಲ್ಕು ಅಂಕಿ. ಪೂರ್ತಿ ನಂಬರ್ ಬರೀಬೇಡಿ, ಹಿಂದಿನ ಮೂರಂಕಿಯಂತೂ ಎಲ್ಲೂ ಬರೀಬೇಡಿ. ಆಮೇಲೆ ಸ್ಟೇಟ್‌ಮೆಂಟ್ ಬರೋ ತಾರೀಖು, ಹಣ ಕಟ್ಟೋ ಕೊನೇ ತಾರೀಖು. ಇವೆರಡೂ ಬೇರೆ ಬೇರೆ, ಇದನ್ನ ಗೊಂದಲ ಮಾಡ್ಕೊಂಡು ದಂಡ ಕಟ್ಟಿದವರು ತುಂಬಾ ಜನ. ಒಟ್ಟು ಬಾಕಿ ಎಷ್ಟು, ಮಿನಿಮಮ್ ಅಲ್ಲ, ಒಟ್ಟು. ತಿಂಗಳ ಬಡ್ಡಿ ದರ ಎಷ್ಟು. ಇಎಂಐ ಮಾಡಿಸಿದ್ದರೆ ಇನ್ನೆಷ್ಟು ಕಂತು. ಟ್ರಾನ್ಸ್‌ಫರ್ ಆಗಿದ್ದರೆ ಕಡಿಮೆ ಬಡ್ಡಿ ಮುಗಿಯೋ ದಿನ, ಅದನ್ನ ಕೆಂಪು ಇಂಕಿನಲ್ಲಿ. ವರ್ಷದ ಫೀ ಯಾವ ತಿಂಗಳು ಬೀಳುತ್ತೆ. ಕೊನೇ ಪುಟದಲ್ಲಿ ಎಲ್ಲ ಕೂಡಿಸಿ ಒಂದೇ ಮೊತ್ತ.

ಆ ಮೊತ್ತ ನೋಡಿದಾಗ ಅಳು ಬರಬಹುದು. ಅಳಿ. ವಿಧವೆಯೂ ಅತ್ತಳು. ಆದರೆ ಗಂಡ ಹೆಂಡತಿ ಇಬ್ಬರೂ ಒಂದೇ ಪುಟ ನೋಡ್ತಾ ಅತ್ತರೆ ಅದು ಬೇರೆ ಥರದ ಅಳು.

ಎಷ್ಟು ಕಾರ್ಡು ಇದೆ ಅನ್ನೋದೇ ನೆನಪಿಲ್ಲ ಅನ್ನೋರು ಇದ್ದೀರಿ. ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್, ಈ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ನಿಮ್ಮ ಪೂರ್ತಿ ವರದಿಯನ್ನ ಉಚಿತವಾಗಿ ಕೊಡಬೇಕು. ಅವರ ವೆಬ್‌ಸೈಟಿನಲ್ಲೇ ತಗೊಳ್ಳಿ, ದುಡ್ಡು ಕೇಳೋ ಮಧ್ಯವರ್ತಿ ಬೇಡ. ನೀವು ಮರೆತ ಕಾರ್ಡು ಅದರಲ್ಲಿ ಇರುತ್ತೆ.

ಲೆಕ್ಕ ಬರೆದಾದ ಮೇಲೆ ಎಲ್ಲ ಕಾರ್ಡಿಗೂ ಮಿನಿಮಮ್ ಕಟ್ಟಿ, ಕೈಯಲ್ಲಿ ಉಳಿದಿದ್ದನ್ನೆಲ್ಲ ಬಡ್ಡಿ ಜಾಸ್ತಿ ಇರೋ ಒಂದೇ ಕಾರ್ಡಿಗೆ ಹಾಕಿ. ಅದು ಮುಗಿದ ಮೇಲೆ ಮುಂದಿನದು. ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಹಂಚಿದರೆ ಮನಸ್ಸಿಗೆ ಸಮಾಧಾನ, ಲೆಕ್ಕಕ್ಕೆ ನಷ್ಟ. ಕಾರ್ಡಿನಿಂದ ಎಟಿಎಂನಲ್ಲಿ ಕ್ಯಾಶ್ ತೆಗೆದು ಇನ್ನೊಂದು ಕಾರ್ಡಿಗೆ ಕಟ್ಟೋದು, ಅಂಗಡಿಯವನಿಗೆ ಕಮಿಷನ್ ಕೊಟ್ಟು ಸುಮ್ಮನೆ ಸ್ವೈಪ್ ಮಾಡಿಸೋದು, ಇದನ್ನ ಇವತ್ತೇ ನಿಲ್ಲಿಸಿ. ಏನನ್ನೂ ಕೊಳ್ಳದೆ ಕೊಂಡ ಹಾಗೆ ಬಿಲ್ ಮಾಡಿಸೋದು ಸುಳ್ಳು ಬಿಲ್. ವಿಶ್ವಾಸಿ ಅದಕ್ಕೆ ಬೇರೆ ಹೆಸರು ಇಡಬಾರದು.

ಇನ್ನೊಂದು ಮಾತು ಇದೆ, ನಮ್ಮವರಿಗೆ ಬೇಜಾರಾದರೂ ಹೇಳ್ತೀನಿ. ನಿಮ್ಮ ಹೆಸರಿನ ಕಾರ್ಡಿನಲ್ಲಿ ಭಾವನಿಗೆ ಬೈಕು, ಫ್ರೆಂಡಿಗೆ ಫೋನು ಇಎಂಐನಲ್ಲಿ ಕೊಡಿಸಿದ್ದೀರಾ? ಜ್ಞಾನೋಕ್ತಿಗಳು 6ನೇ ಅಧ್ಯಾಯ ಶುರುವಾಗೋದೇ ಅಲ್ಲಿಂದ. ಬೇರೆಯವರಿಗೆ ಹೊಣೆ ನಿಂತು ಸಿಕ್ಕಿಹಾಕ್ಕೊಂಡವನು ಆ ರಾತ್ರಿ ಮಲಗದೆ ಹೋಗಿ ಬೇಡಿಕೊಂಡು ತನ್ನನ್ನ ಬಿಡಿಸ್ಕೋಬೇಕು, ಬೇಟೆಗಾರನಿಂದ ಜಿಂಕೆ ತಪ್ಪಿಸಿಕೊಳ್ಳೋ ಹಾಗೆ. ಬ್ಯಾಂಕಿಗೆ ಭಾವ ಗೊತ್ತಿಲ್ಲ, ನೀವೇ ಗೊತ್ತು. ಆ ಕಂತನ್ನೂ ನಿಮ್ಮ ಪುಸ್ತಕದಲ್ಲಿ ನಿಮ್ಮ ಸಾಲವಾಗಿಯೇ ಬರೀರಿ.

ಈಗ ಸಭೆಯ ವಿಷಯ. ಕ್ರೆಡಿಟ್ ಕಾರ್ಡಿನಿಂದ ದಶಮಾಂಶ ಕೊಡಬೇಡಿ, ಕಾಣಿಕೆ ಕೊಡಬೇಡಿ. ಆಮೆನ್ ಹೇಳೋದಕ್ಕೆ ಯಾಕೆ ಹಿಂಜರಿತೀರಿ? ಸಾಲ ಮಾಡಿ ಬೀಜ ಬಿತ್ತಿ, ದೇವರು ನೂರರಷ್ಟು ಕೊಡ್ತಾನೆ ಅಂತ ಕೆಲವು ವೇದಿಕೆಗಳಲ್ಲಿ ಹೇಳ್ತಾರೆ. ಎರಡನೇ ಕೊರಿಂಥ 8ರ 12ರಲ್ಲಿ ಅಪೊಸ್ತಲನಾದ ಪೌಲನು ಹೇಳೋದು ಬೇರೆ. ಇರೋದರಿಂದ ಕೊಟ್ಟದ್ದು ದೇವರಿಗೆ ಮೆಚ್ಚಿಗೆ, ಇಲ್ಲದ್ದನ್ನು ಆತನು ಕೇಳೋದಿಲ್ಲ. ಕಟ್ಟಡ ನಿಧಿಗೆ ಕಾರ್ಡಿನಿಂದ ಕೊಟ್ಟವರಿದ್ದರೆ ಖಜಾಂಚಿಯವರ ಹತ್ತಿರ ಮಾತಾಡಿ, ವಾಪಸ್ ಕೊಡೋದಕ್ಕೆ ಹಿರಿಯರು ಒಪ್ಪಿದ್ದಾರೆ. ಕಟ್ಟಡ ಸ್ವಲ್ಪ ತಡವಾಗಿ ಆಗಲಿ.

ಕಟ್ಟೋದಕ್ಕೆ ಆಗ್ತಾ ಇಲ್ಲ, ವಸೂಲಿಯವರು ಬರ್ತಾ ಇದ್ದಾರೆ ಅನ್ನೋರಿಗೆ ಹೇಳ್ತೀನಿ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಅವರು ಫೋನ್ ಮಾಡಬಾರದು, ಬೆದರಿಸಬಾರದು, ಅವಮಾನ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೀಬಹುದು, ಸಹಾಯವಾಣಿ 14448. ಸಾಯೋಣ ಅನ್ನೋ ಯೋಚನೆ ಬಂದರೆ, ತಂಗೀ, ತಮ್ಮಾ, ರಾತ್ರಿ ಎಷ್ಟು ಹೊತ್ತಾಗಿದ್ದರೂ ನನಗೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡ್ತಾರೆ. ಅದು ಅವಿಶ್ವಾಸ ಅಲ್ಲ. ಆ ವಿಧವೆಯೂ ಒಬ್ಬಳೇ ಕೂತಿರಲಿಲ್ಲ, ಕೂಗಿಕೊಂಡು ಬಂದಳು.

ಈಗ ಏಳನೇ ವಚನ. ಎಣ್ಣೆ ತುಂಬಿತು. ಅದ್ಭುತ ಆಯ್ತು. ಆಕೆ ಬಂದು ದೇವರ ಮನುಷ್ಯನಿಗೆ ತಿಳಿಸಿದಳು. ಸಾಲಗಾರನ ಮನಸ್ಸು ಕರಗಿ ಸಾಲ ಮನ್ನಾ ಆಗುತ್ತೆ ಅಂತ ಎಲೀಷ ಹೇಳಲಿಲ್ಲ. ಎಣ್ಣೆ ಮಾರು, ಮೊದಲು ಸಾಲ ತೀರಿಸು, ಉಳಿದಿದ್ದರಲ್ಲಿ ನೀನೂ ಮಕ್ಕಳೂ ಬದುಕಿ ಅಂದ. ದೇವರು ಮಾಡಿದ ಅದ್ಭುತದ ಹಣ ಮೊದಲು ಹೋಗಿದ್ದು ಸಾಲಗಾರನ ಕೈಗೆ! ಎಲೀಷನು ತನಗಂತ ಒಂದು ಪಾತ್ರೆ ಎಣ್ಣೆಯನ್ನೂ ಕೇಳಲಿಲ್ಲ. ಬೋನಸ್ ಬಂದಾಗ, ಊರಿನ ಜಮೀನಿನ ಪಾಲು ಬಂದಾಗ, ನೀವು ಪ್ರಾರ್ಥಿಸಿದ ಉತ್ತರ ಕೈಗೆ ಬಂದಾಗ, ಆ ಪುಸ್ತಕದ ಮೊದಲ ಪುಟ ತೆಗೀರಿ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ.

ಪರಲೋಕದ ತಂದೆಯೇ, ಸ್ಟೇಟ್‌ಮೆಂಟ್ ತೆರೆಯೋದಕ್ಕೆ ಹೆದರಿರೋ ನಿನ್ನ ಮಕ್ಕಳಿಗೆ ಧೈರ್ಯ ಕೊಡು. ಗಂಡನಿಂದ, ಹೆಂಡತಿಯಿಂದ ಮುಚ್ಚಿಟ್ಟಿರೋದನ್ನ ಇವತ್ತು ರಾತ್ರಿ ಹೇಳೋದಕ್ಕೆ ಬಾಯಿ ಕೊಡು, ಕೇಳೋವರಿಗೆ ತಾಳ್ಮೆ ಕೊಡು. ಕೆಲಸ ಹೋದವರಿಗೆ ಕೆಲಸ ಕೊಡು, ಓವರ್‌ಟೈಮ್ ಮಾಡೋವರಿಗೆ ಬಲ ಕೊಡು. ಯೇಸುವಿನ ನಾಮದಲ್ಲಿ ಬೇಡ್ತೀವಿ, ಆಮೆನ್.

ಕೂತ್ಕೊಳ್ಳಿ. ಹಿಂದಿನ ಟೇಬಲ್ ಮೇಲೆ ನೋಟ್‌ಬುಕ್ ಇಟ್ಟಿದ್ದೇವೆ, ಒಂದು ಮನೆಗೆ ಒಂದು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಇಬ್ಬರು ಸಹೋದರರು ಬುಧವಾರ ಸಂಜೆ 6ರಿಂದ ಇಲ್ಲೇ ಇರ್ತಾರೆ, ಸ್ಟೇಟ್‌ಮೆಂಟ್ ಪ್ರಿಂಟ್ ತಗೊಂಡು ಬನ್ನಿ. ಒಟಿಪಿ, ಪಿನ್ ಅವರೂ ಕೇಳಲ್ಲ, ನೀವೂ ಹೇಳಬೇಡಿ.